ಬೇರಿಂಗಿನ ಬೆನ್ನು

ನಾಲ್ಕಡಿ ಉದ್ದದ ಸಲಾಕೆಯನ್ನು ಫ್ಲೈವೀಲಿನ ಹಲ್ಲಿಗೆ ಕೊಟ್ಟು ರೇಣುಕಪ್ರಸಾದ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಟ್ರಾಕ್ಟರಿನ ಇಂಜಿನ್ ಗೇಣುದ್ದ ತಿರುಗಿ ನಿಂತಿತು. ಉಸಿರು ಬಿಗಿಹಿಡಿದು ಇನ್ನೊಮ್ಮೆ ಜೋತುಬಿದ್ದ. ಈ ಸಲ ಎರಡು ಬೆರಳಿನಷ್ಟು ಜರುಗಿತು. ಮೂರನೆಯ ಸಲ ಜಪ್ಪಯ್ಯ ಅಂದರೂ ಕದಲಲಿಲ್ಲ. ಹೊಸದಾಗಿ ಜೋಡಿಸಿದ ಇಂಜಿನ್ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ ಎಂದು ಫೋನಿನ ವಿಡಿಯೋದಲ್ಲಿ ಪಾಠ ಹೇಳಿದ್ದ ಮೆಕ್ಯಾನಿಕ್ಕು, ಒಂದೇ ಕೈಯಲ್ಲಿ ಬೋಲ್ಟು ತಿರುಗಿಸುವ ಪಾನ ಹಿಡಿದು, ಮಾತಾಡುತ್ತ ಮಾತಾಡುತ್ತಲೇ ಅದನ್ನು ತಿರುಗಿಸಿ ತೋರಿಸಿದ್ದ. ಇಲ್ಲಿ ಐವತ್ತು ದಾಟಿದ ದಢೂತಿ ಗಂಡಸು ಎರಡು ದಿನದಿಂದ ಸಲಾಕೆಗೆ ನೇತಾಡುತ್ತಿದ್ದ.

ದಂಡಿನಶಿವರದಿಂದ ಮೂರು ಮೈಲಿ ಒಳಗಿರುವ ಆ ಊರಿನಲ್ಲಿ ಅವನದು ಆರು ಎಕರೆ ತೆಂಗಿನ ತೋಟ. ತೋಟದ ಮನೆಯ ಪಕ್ಕದಲ್ಲೇ ಕೊಬ್ಬರಿ ಅಟ್ಟ. ಮೇಲೆ ಅಟ್ಟದಲ್ಲಿ ಕಾಯಿಗಳು ಸಿಪ್ಪೆ ಸಮೇತ ವರ್ಷವಿಡೀ ಕೂತು, ನೀರು ಇಂಗಿ, ಉಂಡೆ ಕೊಬ್ಬರಿಯಾಗುತ್ತವೆ. ಕೆಳಗೆ, ತೆಂಗಿನ ಮರದ ದಿಮ್ಮಿಗಳ ಮೇಲೆ, ಟ್ರಾಕ್ಟರಿನಿಂದ ಬೇರ್ಪಡಿಸಿದ ಇಂಜಿನ್ ಕೂತಿತ್ತು. ಬಿಸಿಲು ಬೀಳುವ ಕಡೆ ಪಕ್ಕದ ತೋಟದ ಲಕ್ಕಯ್ಯ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದ. ಕೈ ಕೊಳೆ ಮಾಡಿಕೊಳ್ಳದವರ ಸಲಹೆ ಯಾವಾಗಲೂ ಧಾರಾಳ.

“ಹೊಸ ಎಕ್ಕಡ ಕಚ್ಚಲ್ವಾ ಪ್ರಸಾದಪ್ಪ? ನಾಕ್ ದಿನ ಮೆಟ್ಟಿದ್ರೆ ತಾನೇ ಸರೋಯ್ತದೆ. ಇದನ್ನ ಗಾಡಿಗೆ ಕೂರಿಸ್ಬುಡು. ನನ್ ಟ್ರಾಕ್ಟರ್‌ಗೆ ಹಗ್ಗ ಕಟ್ಟಿ ಎಳ್ದುಬುಡಾನ. ಒಂದ್ಸಲ ಸ್ಟಾರ್ಟ್ ಆದ್ರೆ ಸಡ್ಲ ಆಯ್ತದೆ.”

ರೇಣುಕಪ್ರಸಾದನಿಗೂ ಒಳಗೊಳಗೆ ಅದೇ ಆಸೆ. ಆಗಲೇ ಹೆಂಡತಿ ಗಿರಿಜಾಂಬಿಕಾ ಮಜ್ಜಿಗೆ ಚೊಂಬು ಹಿಡಿದು ಬಂದಳು.

“ಎಳ್ದು ಮುರ್ದೋದ್ರೆ ಲಕ್ಕಯ್ಯ ಹೊಸದು ತಂದ್ಕೊಡ್ತಾನಾ? ಸುಮ್ನೆ ಹೋಗಿ ದಯಾನಂದಣ್ಣನ್ನ ಕರ್ಕಂಡ್ ಬನ್ನಿ ಕಣ್ರೀ.”

“ಯಾವ ಮುಖ ಹೊತ್ಕಂಡ್ ಹೋಗ್ಲೇ?”

“ಇರೋದು ಒಂದೇ ಮುಖ, ಅದನ್ನೇ ತಗಂಡ್ ಹೋಗಿ. ಅವ್ರು ಬೇರಿಂಗ್ ಕದ್ದಿದ್ರೆ ಕದ್ದಿರ್ಲಿ, ಕೆಲಸ ಕಲ್ತವ್ರು. ಆ ಪಾಪ ಅವ್ರಿಗೆ. ನಮಗ್ಯಾಕೆ?”

ರೇಣುಕಪ್ರಸಾದ ಮಜ್ಜಿಗೆ ಚೊಂಬನ್ನು ಕೆಳಗಿಟ್ಟ. ದಯಾನಂದ ಕದ್ದಿದ್ದಾನೆ ಎಂದು ಗಿರಿಜೆ ನಂಬಿದ್ದು ಗಂಡ ಹೇಳಿದ್ದಕ್ಕೆ. ಊರು ನಂಬಿದ್ದೂ ಅದಕ್ಕೇ. ಆ ಮಾತು ಸುಳ್ಳು ಎಂದು ಭೂಮಿಯ ಮೇಲೆ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ದಯಾನಂದ. ಇನ್ನೊಬ್ಬ, ಎರಡೂವರೆ ತಿಂಗಳಿಂದ, ರೇಣುಕಪ್ರಸಾದ.

ನಡೆದದ್ದು ಇಷ್ಟು. ಮೂರು ವರ್ಷದ ಹಿಂದೆ ತಿಪಟೂರಿನಲ್ಲಿ ಮೆಕ್ಯಾನಿಕ್ ದಯಾನಂದನ ಶೆಡ್ಡೆಂದರೆ ಟ್ರಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಅವನೇ ಈ ಇಂಜಿನ್ ಬಿಚ್ಚಿ, ಒಳಗೆ ತಿರುಗುವ ಸವೆದ ಉಕ್ಕಿನ ದಂಡ, ಕ್ರ್ಯಾಂಕನ್ನು, ಗ್ರೈಂಡ್ ಮಾಡಿಸಿ, ಹೊಸ ಬೇರಿಂಗ್ ಹಾಕಿ ಕೊಟ್ಟಿದ್ದ. ಬೇರಿಂಗ್ ಅಂದರೆ ಗುಂಡುಗಳಿರುವ ಬಳೆಯಲ್ಲ. ಬಳೆಯನ್ನು ಎರಡು ಹೋಳು ಮಾಡಿದಂತಿರುವ ತೆಳ್ಳನೆಯ ಲೋಹದ ಚಿಪ್ಪು. ಅದರ ಹೊಟ್ಟೆಯ ಮೇಲೆ ಕ್ರ್ಯಾಂಕ್ ತಿರುಗುತ್ತದೆ, ಅದರ ಬೆನ್ನು ಇಂಜಿನ್ನಿಗೆ ಅಂಟಿ ಕೂರುತ್ತದೆ. ಒಂದು ವರ್ಷ ಗಾಡಿ ಬೆಣ್ಣೆಯಂತೆ ಓಡಿತು. ಆಮೇಲೆ ಒಳಗಿಂದ ಟಕಟಕ ಸದ್ದು ಶುರುವಾಯಿತು. ದಾರಿಯಲ್ಲಿ ಸಿಕ್ಕ ಯಾವನೋ ಒಬ್ಬ, ಬಾನೆಟ್ಟನ್ನೂ ಎತ್ತದೆ, “ಹಳೇ ಬೇರಿಂಗೇ ವಾಪಸ್ ಹಾಕವ್ನೆ ಕಣ್ರೀ, ಹೊಸದನ್ನ ನುಂಗವ್ನೆ” ಎಂದ. ಉರಿಯುವ ಬೆಂಕಿಗೆ ತುಪ್ಪ ಸುರಿದು ಅವನು ಹೊರಟುಹೋದ.

ಮಾರನೆಯ ದಿನ ತಿಪಟೂರಿನ ಮಾರುಕಟ್ಟೆ ಯಾರ್ಡಿನಲ್ಲಿ ಕೊಬ್ಬರಿ ಹರಾಜು. ಮಂಡಿ ಸಾಹುಕಾರ ಮೋಹನ್ ಕುಮಾರನ ಲಾರಿಯ ಕೆಳಗೆ ಮಲಗಿ ದಯಾನಂದ ಏನೋ ಬಿಗಿಮಾಡುತ್ತಿದ್ದ. ರೇಣುಕಪ್ರಸಾದ ಅವನ ಕಾಲು ಹಿಡಿದು ಎಳೆಯುವುದೊಂದು ಬಾಕಿ. ಕಳ್ಳ ಅಂದ, ಮನೆಹಾಳ ಅಂದ, ಉಂಡ ಮನೆಗೆ ಎರಡು ಬಗೆದವನು ಅಂದ. ಮೂಟೆ ಹೊರುವವರು, ದಲ್ಲಾಳಿಗಳು, ಹಳ್ಳಿಹಳ್ಳಿಯಿಂದ ಬಂದ ರೈತರು ಎಲ್ಲ ಸುತ್ತ ನಿಂತು ಕೇಳಿದರು. ದಯಾನಂದ ಲಾರಿ ಕೆಳಗಿನಿಂದ ಎದ್ದು ಬಂದು ಒಂದೇ ಮಾತು ಹೇಳಿದ: “ಇಂಜಿನ್ ನಿಮ್ಮತ್ರನೇ ಐತೆ ಪ್ರಸಾದಣ್ಣ. ಬಿಚ್ಚಿ ನೋಡ್ಕಳಿ. ಆಮೇಲೆ ಮಾತಾಡಿ.”

ಬಿಚ್ಚಿ ನೋಡುವ ತಾಳ್ಮೆ ಯಾರಿಗಿತ್ತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಡಿಗೆಯ ಬಾಯಿಗಾದರೆ ಮುಚ್ಚಳ ಹಾಕಬಹುದು, ಊರ ಬಾಯಿಗೆ ಯಾರು ಹಾಕುತ್ತಾರೆ? ಮೋಹನ್ ಕುಮಾರ ತನ್ನ ಲಾರಿಗಳನ್ನು ಬೇರೆ ಕಡೆ ಬಿಟ್ಟ. ಅವನನ್ನು ನೋಡಿ ಇನ್ನೊಬ್ಬ ಬಿಟ್ಟ. ವರ್ಷ ತುಂಬುವಷ್ಟರಲ್ಲಿ ದಯಾನಂದನ ಶೆಡ್ಡಿಗೆ ಬೀಗ ಬಿತ್ತು. ಅವನ ಹೆಂಡತಿಯ ತವರು ಅಮ್ಮಸಂದ್ರಕ್ಕೆ ಗಂಡ ಹೆಂಡತಿ ಇಬ್ಬರೂ ಹೋದರಂತೆ, ಅಲ್ಲಿ ಅವನು ಸಿಮೆಂಟು ಲಾರಿ ತೊಳೆಯುತ್ತಾನಂತೆ ಎಂಬ ಸುದ್ದಿ ಬಂತು. ರೇಣುಕಪ್ರಸಾದನ ಗಾಡಿಯೇನು ನೆಟ್ಟಗಾಗಲಿಲ್ಲ. ಬೇರೆ ಮೆಕ್ಯಾನಿಕ್ಕುಗಳು ಅವನ ಮುಖ ನೋಡಿದರೆ ಕೈಮುಗಿಯುತ್ತಿದ್ದರು. “ನಿಮ್ ಗಾಡಿ ಸವಾಸ ಬ್ಯಾಡ ಬುಡಿ ಸಾರ್. ನಾಳೆ ನಮ್ಮನ್ನೂ ಕಳ್ಳ ಅಂತೀರಿ.” ಎರಡು ವರ್ಷ ಟ್ರಾಕ್ಟರು ಅಟ್ಟದ ಕೆಳಗೆ ಕೋಳಿ ಮಲಗುವ ಜಾಗವಾಯಿತು. ಕೊನೆಗೆ ಈ ಶ್ರಾವಣದಲ್ಲಿ, ಹಾಳಾಗಿ ಹೋಗಲಿ, ನಾನೇ ಮಾಡುತ್ತೇನೆ ಎಂದು ಫೋನು ಮುಂದಿಟ್ಟುಕೊಂಡು ಬಿಚ್ಚಲು ಕೂತ.

ಇಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರ್ ತೆಗೆದಾಗಲೇ ಎಣ್ಣೆ ಸೋಸುವ ಜಾಲರಿ ಕಂಡಿತು. ಅದಕ್ಕೆ ತೆಂಗಿನ ನಾರು ಕೂದಲ ಗಂಟಿನ ಹಾಗೆ ಸುತ್ತಿಕೊಂಡಿತ್ತು. ನೋಡಿದ ಕೂಡಲೇ ಗೊತ್ತಾಯಿತು. ಆಯಿಲ್ ಕ್ಯಾನಿನ ಮುಚ್ಚಳ ಕಳೆದುಹೋದಾಗ ಬಾಯಿಗೆ ಒಂದು ಹಿಡಿ ನಾರು ತುರುಕುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಅವನೂ ತುರುಕಿದ್ದ, ಆ ಕ್ಯಾನಿನಿಂದಲೇ ವರ್ಷವಿಡೀ ಎಣ್ಣೆ ಹುಯ್ದಿದ್ದ. ನಾರು ಒಳಗೆ ಹೋಗಿ ಎಣ್ಣೆಯ ದಾರಿ ಕಟ್ಟಿತ್ತು. ಬೇರಿಂಗುಗಳು ಎಣ್ಣೆಯಿಲ್ಲದೆ ಸವೆದಿದ್ದವು. ಒಂದು ಚಿಪ್ಪು ತೆಗೆದು ತಿರುವಿ ನೋಡಿದ. ಬೆನ್ನ ಮೇಲೆ ‘010’ ಎಂದು ಒತ್ತಿತ್ತು. ಗ್ರೈಂಡ್ ಮಾಡಿ ಸಣ್ಣಗಾದ ಕ್ರ್ಯಾಂಕಿಗೆ ಮಾತ್ರ ಕೂರುವ ಅಳತೆ ಅದು. ಗಾಡಿಯ ಜೊತೆ ಕಂಪನಿಯಿಂದ ಬಂದ ಹಳೇ ಬೇರಿಂಗಿನ ಮೇಲೆ ಆ ಸಂಖ್ಯೆ ಇರಲು ಸಾಧ್ಯವೇ ಇಲ್ಲ. ದಯಾನಂದ ಹಾಕಿದ್ದು ಹೊಸದೇ.

ಆ ಕ್ಷಣ ಅವನು ಮಾಡಿದ್ದೇನು? ನಾಲ್ಕು ದಿಕ್ಕು ನೋಡಿದ. ಯಾರೂ ಇರಲಿಲ್ಲ. ನಾರನ್ನು ಒಲೆಗೆ ಹಾಕಿದ. ಚಿಪ್ಪುಗಳನ್ನು ಹಳೇ ಪಂಚೆಯ ತುಂಡಲ್ಲಿ ಕಟ್ಟಿ, ಏಣಿ ಹತ್ತಿ, ಅಟ್ಟದ ಮೂಲೆಯಲ್ಲಿ ಕಾಯಿರಾಶಿಯ ಕೆಳಗೆ ತಳ್ಳಿದ. ಕಳ್ಳ ಯಾರು ಅಂತ ಈಗ ನೀವೇ ಹೇಳಿ.

ಅಲ್ಲಿಂದ ಅವನಿಗೆ ನೆಮ್ಮದಿ ಇರಲಿಲ್ಲ ಎನ್ನುವುದೂ ನಿಜವೇ. ತುಮಕೂರಿಗೆ ಹೋಗಿ ಕ್ರ್ಯಾಂಕನ್ನು ಮತ್ತೆ ಗ್ರೈಂಡ್ ಮಾಡಿಸಿದ, ಇನ್ನೂ ದಪ್ಪದ ಬೇರಿಂಗ್ ತಂದ, ದಸರಾ ಮುಗಿದ ಮೇಲೆ ಒಂದೊಂದಾಗಿ ಜೋಡಿಸಿದ. ಇಂಜಿನ್ ತಾನೇ ಸರಿಯಾಗಿಬಿಟ್ಟರೆ ದಯಾನಂದನ ವಿಷಯ ಅಟ್ಟದ ಮೇಲೇ ಉಳಿದುಹೋಗುತ್ತದೆ ಎಂದು ಲೆಕ್ಕ ಹಾಕಿದ್ದ. ಇಂಜಿನ್ ಸರಿಯಾಗಲಿಲ್ಲ.

ಗಿರಿಜೆ ಹೇಳಿದ ಮಾರನೆಯ ಬೆಳಿಗ್ಗೆ ಬೈಕ್ ಹತ್ತಿ ಅಮ್ಮಸಂದ್ರಕ್ಕೆ ಹೋದ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದವಳು ದಯಾನಂದನ ಹೆಂಡತಿ ವನಜಾಕ್ಷಿ. ಅವಳಿಗೆ ಗುರುತು ಸಿಕ್ಕಿತು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಒಳಗೆ ಹೋಗಿ ಚೊಂಬಲ್ಲಿ ನೀರು ತಂದು, ಪಕ್ಕದಲ್ಲಿ ಚೂರು ಬೆಲ್ಲ ಇಟ್ಟಳು. ಮನೆಗೆ ಬಂದವರಿಗೆ ಕೊಡುವುದು, ಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

“ಅವ್ರು ಶೆಡ್ಡಲ್ಲವ್ರೆ” ಎಂದಳು. ಅಷ್ಟೇ.

ಹೆದ್ದಾರಿಯ ಬದಿಯ ಆ ಶೆಡ್ಡಿನಲ್ಲಿ ಲಾರಿಯೊಂದು ಎತ್ತರದ ಕಟ್ಟೆಯ ಮೇಲೆ ನಿಂತಿತ್ತು. ಅದರಡಿಯಲ್ಲಿ, ಪೈಪು ಹಿಡಿದು, ಬೂದಿ ಬಣ್ಣದ ಕೆಸರಿನ ನೀರಲ್ಲಿ ತೊಪ್ಪೆಯಾಗಿ ನಿಂತಿದ್ದವನು ದಯಾನಂದ. ಇಂಜಿನ್ ಸದ್ದು ಕೇಳಿಯೇ ಯಾವ ಸಿಲಿಂಡರಿನ ರೋಗ ಎಂದು ಹೇಳುತ್ತಿದ್ದ ಮನುಷ್ಯ. ಮೀಸೆ ಪೂರ್ತಿ ನರೆತಿತ್ತು. ಪೈಪು ನಿಲ್ಲಿಸಿ ಹೊರಗೆ ಬಂದ.

“ಹೇಳಿ ಸ್ವಾಮಿ.”

ಮೊದಲೆಲ್ಲ ಪ್ರಸಾದಣ್ಣ ಅನ್ನುತ್ತಿದ್ದವನು. ಆ ‘ಸ್ವಾಮಿ’ ಕೆನ್ನೆಗೆ ಹೊಡೆದ ಹಾಗಾಯಿತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

“ದಯಣ್ಣ, ಇಂಜಿನ್ ನಾನೇ ಬಿಚ್ಚಿ ಜೋಡಿಸ್ದೆ. ತಿರುಗ್ತಾನೇ ಇಲ್ಲ. ಬಿಗಿ. ಒಂದ್ಸಲ ಬಂದ್ ನೋಡ್ತೀರಾ?”

ದಯಾನಂದನ ಕಣ್ಣು ಒಂದು ಗಳಿಗೆ ಬದಲಾಯಿತು. “ಬಿಚ್ಚಿದ್ರಾ? ಬೇರಿಂಗೂ ತೆಗುದ್ರಾ?”

“ತೆಗ್ದೆ.”

“ಹಳೇವು ಏನ್ ಮಾಡಿದ್ರಿ?”

ಹೇಳುವುದಿದ್ದರೆ ಅದೇ ಹೊತ್ತು. ದೇವರು ಬಾಗಿಲು ತೆಗೆದು ನಿಂತ ಹಾಗಿತ್ತು. ರೇಣುಕಪ್ರಸಾದನ ನಾಲಿಗೆ ಮಾತ್ರ ತನ್ನ ಹಳೇ ದಾರಿಯನ್ನೇ ಹಿಡಿಯಿತು.

“ಗುಜರಿಗೆ ಹಾಕ್ಬುಟ್ಟೆ.”

“ಬೆನ್ನ್ ಮೇಲೆ ಏನಿತ್ತು ನೋಡಿದ್ರಾ?”

“ಇಲ್ಲ. ಮಸಿ ಆಗಿತ್ತು. ನೋಡ್ಲಿಲ್ಲ.”

ದಯಾನಂದ ಹರಿಯುತ್ತಿದ್ದ ಕೆಸರು ನೀರನ್ನು ಕಾಲಿಂದ ಕಾಲುವೆಗೆ ತಳ್ಳಿದ. ಎರಡು ವರ್ಷ ಆ ನಾಲ್ಕು ಚೂರು ಲೋಹಕ್ಕಾಗಿ ಅವನು ಕಾದಿದ್ದ ಎಂದು ರೇಣುಕಪ್ರಸಾದನಿಗೆ ಆಗ ಅರ್ಥವಾಯಿತು. ಅರ್ಥವಾದರೂ ಬಾಯಿ ಬಿಡಲಿಲ್ಲ.

“ನಾಳೆ ಬತ್ತೀನಿ” ಎಂದ ದಯಾನಂದ. “ಪಾನ ನಿಮ್ಮವೇ ಇಟ್ಟಿರಿ. ನನ್ನವೆಲ್ಲ ಮಾರ್ಬುಟ್ಟೆ.”

ಹೇಳಿದ ಹಾಗೆ ಬೆಳಿಗ್ಗೆ ಬಸ್ಸಿಳಿದು ತೋಟದ ದಾರಿಯಲ್ಲಿ ನಡೆದು ಬಂದ. ಗಿರಿಜೆ ಕೊಟ್ಟ ಕಾಫಿಯನ್ನು ನಿಂತೇ ಕುಡಿದ. ಅಟ್ಟದ ಕೆಳಗೆ ಬಂದು ಇಂಜಿನ್ ಸುತ್ತ ಒಂದು ಸುತ್ತು ಹಾಕಿದ. ಸಲಾಕೆ ಕೊಟ್ಟು ಮೆಲ್ಲಗೆ ಒತ್ತಿದ. ರೇಣುಕಪ್ರಸಾದನಂತೆ ಜೋತುಬೀಳಲಿಲ್ಲ. ಒತ್ತಿ, ಬಿಟ್ಟು, ಮತ್ತೆ ಒತ್ತಿ, ನಾಡಿ ನೋಡುವವರ ಹಾಗೆ ಕಣ್ಣು ಮುಚ್ಚಿಕೊಂಡ.

“ಪಿಸ್ಟನ್ ಅಲ್ಲ” ಎಂದ. “ಪಿಸ್ಟನ್ ಹಿಡಿದಿದ್ರೆ ಒಂದ್ ಕಡೆ ಸಡ್ಲ, ಒಂದ್ ಕಡೆ ಬಿಗಿ ಇರೋದು. ಇದು ಸುತ್ತಾನೂ ಒಂದೇ ಸಮ ಹಿಡೀತಾ ಐತೆ. ಮೈನ್ ಬೇರಿಂಗೇ. ಮಗುಚಿ ಹಾಕಾನ.”

ಇಬ್ಬರೂ ಸರಪಳಿ ಹಾಕಿ ಇಂಜಿನ್ ಮಗುಚಿದರು. ಚೇಂಬರ್ ತೆಗೆದರು. ಕ್ರ್ಯಾಂಕನ್ನು ಅಪ್ಪಿ ಹಿಡಿದಿರುವ ನಾಲ್ಕು ಕ್ಯಾಪುಗಳು ಮೇಲಕ್ಕೆ ಬಂದವು.

“ಕ್ಯಾಪು ಅದಲು ಬದಲು ಆಗಿಲ್ವಲ್ಲ?”

“ಇಲ್ಲ ದಯಣ್ಣ. ನಂಬರ್ ನೋಡ್ಕಂಡೇ ಹಾಕಿದೀನಿ.”

ದಯಾನಂದ ಒಂದೊಂದೇ ನಂಬರ್ ನೋಡಿ ತಲೆಯಾಡಿಸಿದ. ಮೊದಲನೆಯ ಕ್ಯಾಪಿನ ಬೋಲ್ಟುಗಳನ್ನು ಸಡಿಲ ಮಾಡಿ ಸಲಾಕೆ ಒತ್ತಿದ. ಸ್ವಲ್ಪ ಹಗುರವಾಯಿತು. ಎರಡನೆಯದನ್ನು ಸಡಿಲಿಸಿದ. ಇನ್ನಷ್ಟು ಹಗುರ. ಮೂರು. ನಾಲ್ಕನೆಯದು ಸಡಿಲವಾದ ಮೇಲೆ ಸಲಾಕೆಯೇ ಬೇಕಾಗಲಿಲ್ಲ, ಅಂಗೈಯಲ್ಲಿ ತಿರುಗಿತು.

“ಒಂದಲ್ಲ, ನಾಕೂ ಹಿಡಿದವೆ” ಎಂದ. ಮೊದಲನೆಯ ಕ್ಯಾಪು ಬಿಚ್ಚಿ ಅದರೊಳಗಿನ ಚಿಪ್ಪನ್ನು ಬಿಸಿಲಿಗೆ ಹಿಡಿದ. ಹೊಸ ಬೇರಿಂಗಿನ ಮಂಕು ಬೂದು ಹೊಟ್ಟೆಯ ಮೇಲೆ ಅಡ್ಡಕ್ಕೆ ಮೂರು ಗೆರೆ ಥಳಥಳ ಹೊಳೆಯುತ್ತಿದ್ದವು. ಕ್ರ್ಯಾಂಕ್ ಉಜ್ಜಿ ಹೊಳಪು ಬಂದ ಗೆರೆಗಳು. ದಯಾನಂದನ ಹುಬ್ಬು ಗಂಟಿಕ್ಕಿತು. ಎರಡನೆಯದು ತೆಗೆದ. ಅದರಲ್ಲೂ ಮೂರು. ಮೂರನೆಯದರಲ್ಲೂ. ಚಿಪ್ಪನ್ನು ಉಗುರಿನಲ್ಲಿ ಮೀಟಿ, ಕ್ಯಾಪಿನಿಂದ ಬಿಡಿಸಿ, ಬೆನ್ನು ತಿರುಗಿಸಿದ. ಎಣ್ಣೆಯಲ್ಲಿ ನೆನೆದು ಗಟ್ಟಿಯಾಗಿ ಒತ್ತಿಕೂತ ಬಿಳಿ ಗೆರೆ ಮೂರು ಅಲ್ಲಿದ್ದವು.

“ವಿಭೂತಿ” ಎಂದ ದಯಾನಂದ ಮೆಲ್ಲಗೆ.

ರೇಣುಕಪ್ರಸಾದನಿಗೆ ನೆಲ ಬಿರಿದರೆ ಸಾಕೆನ್ನಿಸಿತು. ಆಯುಧಪೂಜೆಯ ದಿನ ಬಿಚ್ಚಿದ ಇಂಜಿನ್ನಿನ ಭಾಗಗಳನ್ನೆಲ್ಲ ತೊಳೆದು ಬಿಳಿ ಪಂಚೆಯ ಮೇಲೆ ಹರಡಿದ್ದ. ಹೊಸ ಚಿಪ್ಪುಗಳು ದೋಣಿ ಬೋರಲಾದ ಹಾಗೆ ಬೆನ್ನು ಮೇಲಾಗಿ ಮಲಗಿದ್ದವು. ಗಿರಿಜೆ ಮಡಿಯಲ್ಲಿ ಬಂದು, ನೀರಲ್ಲಿ ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಪಿಸ್ಟನ್ನಿಗೆ, ಕ್ರ್ಯಾಂಕಿಗೆ, ಒಂದೊಂದು ಚಿಪ್ಪಿನ ಬೆನ್ನಿಗೆ ತಪ್ಪದೆ ಗೆರೆ ಎಳೆದಿದ್ದಳು. ಜೋಡಿಸುವಾಗ ಅವನು ಉಳಿದೆಲ್ಲವನ್ನೂ ಪೆಟ್ರೋಲಿನಲ್ಲಿ ಒರೆಸಿದ್ದ. ಬೆನ್ನುಗಳನ್ನು ಮಾತ್ರ ಬೇಕೆಂದೇ ಬಿಟ್ಟಿದ್ದ. ತಿರುಗುವುದು ಹೊಟ್ಟೆಯ ಕಡೆ ತಾನೆ, ಬೆನ್ನು ಯಾರಿಗೆ ಕಾಣುತ್ತದೆ, ಶಿವನ ಗುರುತು ಒಳಗೇ ಇದ್ದು ಕಾಯಲಿ ಎಂದುಕೊಂಡಿದ್ದ. ಇನ್ನೊಂದು ಜೊತೆ ಬೇರಿಂಗನ್ನು ಅಟ್ಟದ ಮೇಲೆ ಬಚ್ಚಿಟ್ಟವನಿಗೆ ಯಾರದಾದರೂ ಕಾವಲು ಬೇಕಿತ್ತು.

ತಾನು ಮಾಡಿದ್ದನ್ನು ತಡವರಿಸುತ್ತ ಹೇಳಿದ. ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ಹೊಟ್ಟೆ ಹಿಡಿದು ನಗುತ್ತಿದ್ದ, ಸಂಜೆಯೊಳಗೆ ತುರುವೇಕೆರೆಯವರೆಗೆ ಕಥೆ ಮುಟ್ಟುತ್ತಿತ್ತು. ದಯಾನಂದ ನಗಲಿಲ್ಲ.

“ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರೋ ಸಂದು ಒಂದು ಕೂದಲೆಳೆ, ಅಷ್ಟೇ. ಅದ್ರಲ್ಲೇ ಎಣ್ಣೆ ಓಡಾಡ್ಬೇಕು. ಬೆನ್ನಿಗೆ ಏನೇ ಹತ್ತಿದ್ರೂ, ಬೂದಿ ಆಗ್ಲಿ ಬಂಗಾರ ಆಗ್ಲಿ, ಹೊಟ್ಟೆ ಮುಂದಕ್ಕೆ ಬತ್ತದೆ. ಬಿಗಿ ಆಯ್ತದೆ. ಎಳ್ದು ಸ್ಟಾರ್ಟ್ ಮಾಡಿದ್ರೆ ಐದೇ ನಿಮಿಷ, ಕ್ರ್ಯಾಂಕೇ ಹೋಗಿರೋದು. ಸದ್ಯ, ಮಾಡ್ಲಿಲ್ಲ.”

ಎದ್ದು ಹೋಗಿ ಕೊಳಾಯಿಯಲ್ಲಿ ಮೊಣಕೈವರೆಗೆ ಕೈ ತೊಳೆದ. ಬಂದು ಬಾಗಿಲಲ್ಲಿ ನಿಂತಿದ್ದ ಗಿರಿಜಾಂಬಿಕಾಳನ್ನು ಕೇಳಿದ: “ಅಕ್ಕಾ, ಇದನ್ನ ಒರೆಸ್ಬೇಕು. ನೀವು ಮನಸಿಟ್ಟು ಹಚ್ಚಿರೋದು. ಒರೆಸ್ಲಾ?”

ಅವಳ ಕಣ್ಣು ತುಂಬಿತು. ಒಳಗಿಂದ ಒಗೆದ ಬಿಳಿ ಬಟ್ಟೆ ತಂದು ಕೊಟ್ಟಳು. “ಒರೆಸಪ್ಪ. ದೇವ್ರಿಗೆ ಅಷ್ಟೂ ಗೊತ್ತಾಗಲ್ವಾ.”

ಕ್ರ್ಯಾಂಕಿನ ಅಡಿಯವೂ ಸೇರಿ ಎಂಟು ಚಿಪ್ಪುಗಳನ್ನೂ ದಯಾನಂದ ಒಂದೊಂದಾಗಿ ಒರೆಸಿದ, ಬೆರಳ ತುದಿಯಿಂದ ಸವರಿ ನೋಡಿದ, ಮತ್ತೆ ಒರೆಸಿದ. ವಿಭೂತಿ ಹತ್ತಿದ ಬಟ್ಟೆಯನ್ನು ನೆಲಕ್ಕೆ ಎಸೆಯದೆ, ತುಳಿಯದ ಕಡೆ, ತೆಂಗಿನ ಬುಡಕ್ಕೆ ಕೊಡವಿ ಬಂದ. ಚಿಪ್ಪು ಕೂರುವ ಜಾಗಗಳನ್ನೂ ಒರೆಸಿ, ಹೊಟ್ಟೆಗೆ ಎಣ್ಣೆ ಸವರಿ, ಕ್ಯಾಪುಗಳನ್ನು ಕೂರಿಸಿ, ಬಿಗಿಯ ಅಳತೆ ತೋರಿಸುವ ಟಾರ್ಕ್ ಪಾನದಲ್ಲಿ ಬಿಗಿ ಮಾಡಿದ. ಒಂದೊಂದು ಕ್ಯಾಪು ಬಿಗಿಯಾದ ಮೇಲೂ ಕ್ರ್ಯಾಂಕನ್ನು ತಿರುಗಿಸಿ ನೋಡುತ್ತಿದ್ದ. ನಾಲ್ಕೂ ಆದ ಮೇಲೆ ರೇಣುಕಪ್ರಸಾದನ ಕಡೆ ಕೈ ತೋರಿಸಿದ. “ನೀವೇ ತಿರುಗಿಸಿ.”

ಒಂದು ಕೈ ಸಾಕಾಯಿತು. ಎರಡು ದಿನ ಅವನನ್ನು ಜೋತಾಡಿಸಿದ ಇಂಜಿನ್ ಈಗ ಮಾತು ಕೇಳುವ ಎತ್ತಿನ ಹಾಗೆ ತಿರುಗುತ್ತಿತ್ತು. ಖುಷಿಯಾಗಬೇಕಿತ್ತು. ಎದೆಯಲ್ಲಿ ಮಾತ್ರ ಇಂಜಿನ್ನಿನಿಂದ ಇಳಿದ ಬಿಗಿಯೆಲ್ಲ ಬಂದು ಕೂತಿತ್ತು. ತನ್ನನ್ನು ಹಾಳುಮಾಡಿದವನ ಮನೆಗೆ ಬಂದು, ಅವನ ಹೆಂಡತಿಯ ಬೂದಿಗೂ ಕೈ ತೊಳೆದು ಮರ್ಯಾದೆ ಕೊಟ್ಟವನು ಎದುರಿಗೆ ಕೂತಿದ್ದಾನೆ. ತಾನು ಯಾವ ಜಾತಿಯ ಪ್ರಾಣಿ?

“ಉಳಿದದ್ದು ನೀವೇ ಜೋಡಿಸ್ಕಬೋದು” ಎಂದು ದಯಾನಂದ ಎದ್ದ. “ಎಣ್ಣೆ ಹೊಸ ಡಬ್ಬಿದು ಹಾಕಿ.”

“ಒಂದ್ನಿಮಿಷ ಇರಿ ದಯಣ್ಣ.”

ರೇಣುಕಪ್ರಸಾದ ಏಣಿ ಹತ್ತಿದ. ಕಾಯಿಗಳು ಉರುಳಿದ ಸದ್ದು ಕೇಳಿತು. ಇಳಿದು ಬಂದು ಪಂಚೆಯ ಗಂಟನ್ನು ಬಿಚ್ಚಿ ಹಿಡಿದ. ಗಿರಿಜೆ ಹತ್ತಿರ ಬಂದಳು.

“ಗುಜರಿಗೆ ಹಾಕ್ಲಿಲ್ಲ. ಬಚ್ಚಿಟ್ಟಿದ್ದೆ. ಹತ್ತು ಅಂತ ಐತೆ ಬೆನ್ನ್ ಮೇಲೆ. ನೀವು ಹಾಕಿದ್ದು ಹೊಸವೇ. ಇಂಜಿನ್ ಹೋಗಿದ್ದು ನನ್ನಿಂದ, ಎಣ್ಣೆ ಕ್ಯಾನಿಗೆ ನಾರು ತುರುಕಿದ್ದೆ. ನೀವು ಕಳ್ಳ ಅಲ್ಲ ದಯಣ್ಣ.”

ದಯಾನಂದ ಒಂದು ಚಿಪ್ಪನ್ನು ತೆಗೆದುಕೊಂಡು ಸಂಖ್ಯೆಯ ಮೇಲೆ ಹೆಬ್ಬೆರಳು ಆಡಿಸಿದ. ವಾಪಸ್ ಇಟ್ಟ.

“ನಂಗ್ಯಾಕೆ ಹೇಳ್ತೀರಿ ಸ್ವಾಮಿ? ನಂಗೊತ್ತಿಲ್ವಾ? ನಾನೇ ಹಾಕಿದ್ದು.”

ಮತ್ತೆ ದಯಾನಂದನೇ ಕೇಳಿದ:

“ಯಾವಾಗ ಗೊತ್ತಾಯ್ತು?”

“ಶ್ರಾವಣದಲ್ಲಿ.”

“ಈಗ ಕಾರ್ತೀಕ.” ದಯಾನಂದ ಅವನ ಮುಖವನ್ನೇ ನೋಡಿದ. “ಈ ಇಂಜಿನ್ ಬಿಗಿ ಆಗ್ದೆ ಇದ್ದಿದ್ರೆ ಬತ್ತಿದ್ರಾ?”

ಬರುತ್ತಿದ್ದೆ ಎನ್ನಬಹುದಿತ್ತು. ಸುಳ್ಳುಗಳು ಆಗಲೇ ಸಾಕಷ್ಟಾಗಿದ್ದವು. ರೇಣುಕಪ್ರಸಾದ ತಲೆ ತಗ್ಗಿಸಿ, “ಇಲ್ಲ” ಎಂದ. ಅವನು ಆ ವಿಷಯದಲ್ಲಿ ಆಡಿದ ಎರಡನೆಯ ನಿಜ ಅದು.

ಗಿರಿಜಾಂಬಿಕಾ ಗಂಡನ ಕಡೆ ನೋಡಲೇ ಇಲ್ಲ. “ದಯಾನಂದಣ್ಣ, ಅಡುಗೆ ಆಗೈತೆ. ಒಂದ್ ತುತ್ತು ಉಂಡ್ಕಂಡು ಹೋಗಿ. ನಾನೂ ನಿಮ್ಮನ್ನ ಹಂಗೇ ಅಂದ್ಕೊಂಡಿದ್ದೆ. ತಪ್ಪಾಯ್ತು” ಎಂದಳು.

“ನಿಮ್ಮ ತಪ್ಪಿಲ್ಲಕ್ಕ. ಊಟ ಇನ್ನೊಂದಿನ ಆಗ್ಲಿ.” ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಕೂಲಿ ಎಷ್ಟೆಂದು ಕೇಳುವ ಧೈರ್ಯ ರೇಣುಕಪ್ರಸಾದನಿಗಾಗಲಿಲ್ಲ, ಅವನೂ ಕೇಳಲಿಲ್ಲ. ಹೊಸಿಲ ಹೊರಗೆ ಕೆರ ಮೆಟ್ಟುತ್ತ ಹೇಳಿದ: “ಇಲ್ಲಿ ನಾವು ಮೂರು ಜನ ಇದೀವಿ. ಅವತ್ತು ಎಷ್ಟು ಜನ ಇದ್ರು?”

ಉತ್ತರಕ್ಕೆ ಕಾಯಲಿಲ್ಲ. ತೋಟದ ದಾರಿಯಲ್ಲಿ ನಡೆದು ಹೋದ. ಉಣ್ಣದೆ ಹೋದವನ ಎಲೆಯನ್ನು ಗಿರಿಜೆ ಮಡಿಚಿಟ್ಟಳು. ಆ ದಿನ ಅವಳೂ ಊಟ ಮಾಡಲಿಲ್ಲ.

ಮುಂದಿನ ಹರಾಜಿನ ದಿನ ರೇಣುಕಪ್ರಸಾದ ಕೊಬ್ಬರಿಯಿಲ್ಲದೆ ತಿಪಟೂರಿಗೆ ಹೋದ. ಗಂಟು ಕೈಯಲ್ಲಿತ್ತು. ಯಾರ್ಡಿನಲ್ಲಿ ಅವತ್ತಿನ ಹಾಗೆಯೇ ಜನ. ಚೀಲ ಸುರಿಯುವವರು, ಉಂಡೆ ಕೊಬ್ಬರಿ ಆರಿಸುವವರು, ಬೆಲೆ ಏನಾಯಿತೆಂದು ಫೋನಿನಲ್ಲಿ ಕೂಗುವವರು. ಮೋಹನ್ ಕುಮಾರನ ಮಂಡಿಯ ಮುಂದೆ ನಿಂತು ಕೈ ಮೇಲೆತ್ತಿದ. ಬೈಯುವಾಗ ಅಷ್ಟು ಸಲೀಸಾಗಿ ಬಂದಿದ್ದ ಮಾತು ಈಗ ಒಂದೊಂದೂ ಕೀಳಬೇಕಾಗಿತ್ತು.

“ಎಲ್ರೂ ಒಂದ್ನಿಮಿಷ ಕೇಳಿ. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಮೆಕ್ಯಾನಿಕ್ ದಯಾನಂದನ್ನ ಕಳ್ಳ ಅಂದಿದ್ದೆ. ಅದು ಸುಳ್ಳು. ನಾನೇ ಇಂಜಿನ್ ಬಿಚ್ಚಿ ನೋಡಿದೀನಿ. ಅವ್ರು ಹೊಸ ಬೇರಿಂಗೇ ಹಾಕಿದ್ರು. ತಪ್ಪು ನಂದು.” ಚಿಪ್ಪನ್ನು ಎತ್ತಿ ತೋರಿಸಿದ.

ಹತ್ತಿರವಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಯಾರೋ, “ಯಜಮಾನ್ರು ಎಲೆಕ್ಷನ್ನಿಗೆ ನಿಂತವ್ರೆ” ಎಂದ. ನಗು ಎದ್ದು ಅಡಗಿತು. ಅವತ್ತು ಕೆಲಸ ಬಿಟ್ಟು ಓಡಿಬಂದಿದ್ದ ಜನ ಇವತ್ತು ಕೊಬ್ಬರಿ ಆರಿಸುವುದನ್ನೂ ನಿಲ್ಲಿಸಲಿಲ್ಲ.

ಮೋಹನ್ ಕುಮಾರ ಗಾದಿಯಿಂದ ಎದ್ದು ಬಂದು ಅವನ ಭುಜ ಹಿಡಿದ. “ಹಳೇ ಮಾತು ಬುಡಿ ಪ್ರಸಾದ್ರೇ. ಈಗ್ಯಾಕೆ ಅದೆಲ್ಲ? ಬನ್ನಿ, ಟೀ ಕುಡಿಯಾನ.”

“ನೀವು ಅವ್ರತ್ರ ಗಾಡಿ ಬಿಡೋದು ನಿಲ್ಸಿದ್ದು ನನ್ ಮಾತು ಕೇಳಿ ತಾನೆ?”

“ಹೌದಪ್ಪ, ನೀವು ದೊಡ್ಡೋರು, ಸುಮ್‌ಸುಮ್ನೆ ಅಂತೀರಾ ಅಂತ ನಿಲ್ಸಿದ್ವಿ. ಈಗ ಬೇರೆಯೋನು ಸೆಟ್ ಆಗವ್ನೆ. ಅವನು ಚೆನ್ನಾಗೇ ಮಾಡ್ತಾನೆ.” ಮೋಹನ್ ಕುಮಾರನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಒಬ್ಬ ಮನುಷ್ಯನ ಬದುಕು ಅಲ್ಲಿ ಎಷ್ಟು ಸುಲಭವಾಗಿ ಮುಚ್ಚಿಹೋಗಿತ್ತು ಎಂದು ರೇಣುಕಪ್ರಸಾದ ನಿಂತು ನೋಡಿದ. ಅಳು ಬಂತು. ಅಷ್ಟು ಜನರ ನಡುವೆ ಅದನ್ನು ನುಂಗಿಕೊಂಡ.

ಅಷ್ಟರಲ್ಲಿ ಚೀಲ ಹೊತ್ತು ಬಂದ ಒಬ್ಬ ಅದನ್ನು ಇಳಿಸಿ, ಬೆವರು ಒರೆಸುತ್ತ, “ಏನಂತೆ ಗಲಾಟೆ?” ಎಂದ.

ಚೀಲ ಹೊಲಿಯುತ್ತಿದ್ದವನು ಸೂಜಿಯಿಂದ ತಲೆ ಎತ್ತದೆ ಹೇಳಿದ: “ಮೆಕ್ಯಾನಿಕ್ ದಯಾನಂದ ಇರ್ಲಿಲ್ವಾ, ಬೇರಿಂಗ್ ಕದ್ದು ಸಿಕ್ಕಾಕ್ಕೊಂಡಿದ್ನಲ್ಲ, ಅವನ್ ವಿಷ್ಯ.”

ರೇಣುಕಪ್ರಸಾದ ಮೋಹನ್ ಕುಮಾರನ ಕೈ ಬಿಡಿಸಿಕೊಂಡ. ಕೊಬ್ಬರಿ ರಾಶಿ ದಾಟಿ ಹೋಗಿ ಚೀಲ ಹೊಲಿಯುವವನ ಎದುರಿಗೆ ನೆಲದ ಮೇಲೇ ಕೂತ.

“ಕದ್ದಿಲ್ಲ ಕಣಣ್ಣ” ಎಂದ. “ಸೂಜಿ ಕೆಳಗಿಡು, ಕೇಳು” ಎಂದು ಮೊದಲಿನಿಂದ ಹೇಳತೊಡಗಿದ.